ಎರಡು ಬೆಲ್ಲಿಗೆ ಹೊರಡು

ದೇವರು ಹುಟ್ಟಿಸುವಾಗಲೇ ಒಬ್ಬೊಬ್ಬರಿಗೆ ಇಷ್ಟಿಷ್ಟು ಉಸಿರು ಅಂತ ಅಳೆದು ಕೊಡುತ್ತಾನಂತೆ. ಕಂಡಕ್ಟರಕ್ಕನ ಸರದಿ ಬಂದಾಗ ಅವನ ಕೈ ತುಸು ಜಾರಿರಬೇಕು. ಇಲ್ಲದಿದ್ದರೆ ಇಪ್ಪತ್ತೆರಡು ವರ್ಷ ನಲವತ್ತಮೂರನೇ ನಂಬರಿನ ಬಸ್ಸಿನಲ್ಲಿ "ಒಳಗೆ ಸರೀರಿ, ಒಳಗೆ ಸರೀರಿ" ಎಂದು ಕೂಗಿ, ಮಿಕ್ಕ ಉಸಿರಿನಲ್ಲಿ ಸ್ಯಾಕ್ಸೋಫೋನ್ ಊದಿ, ಅದರ ಮೇಲೂ ತಮ್ಮನ ಜೊತೆ ಜಗಳಕ್ಕೆ ನಿಲ್ಲುವಷ್ಟು ಗಾಳಿ ಇನ್ಯಾರ ಎದೆಯಲ್ಲಿ ಉಳಿದೀತು?

ಸ್ಯಾಕ್ಸೋಫೋನ್ ಅವಳಿಗೆ ಸಿಕ್ಕಿದ್ದೇ ಬಸ್ಸಿನಲ್ಲಿ. ಹಿಂದಿನ ಸೀಟಿನ ಕೆಳಗೆ ಯಾರೋ ಬಿಟ್ಟು ಇಳಿದ ಕರಿ ಪೆಟ್ಟಿಗೆ. ನಿಯಮದ ಪ್ರಕಾರ ಡಿಪೋಗೆ ಒಪ್ಪಿಸಿದಳು. ಅಲ್ಲಿ ಕಳೆದುಹೋದ ಸಾಮಾನಿನ ಕಪಾಟಿನಲ್ಲಿ ಅದು ನಲವತ್ತೊಂದು ಛತ್ರಿ, ಏಳು ಒಂಟಿ ಚಪ್ಪಲಿ ಮತ್ತು ಒಂದು ಹಲ್ಲಿನ ಸೆಟ್ಟಿನ ಜೊತೆ ವರ್ಷ ಪೂರ್ತಿ ಕೂತಿತ್ತು. ವರ್ಷದ ಮೇಲೆ ಒಂದು ದಿನ ಕಳೆದದ್ದೇ ಗುಮಾಸ್ತ ಕರೆದ.

"ಯಾರೂ ಕೇಳ್ಕೊಂಡು ಬರ್ಲಿಲ್ಲ. ಇನ್ನು ಸಿಕ್ಕವರ ಸ್ವತ್ತು. ತಗೊಂಡ್ಹೋಗಮ್ಮ. ಬೇಕಿದ್ರೆ ಆ ಹಲ್ಲಿನ ಸೆಟ್ಟನ್ನೂ ತಗೋ."

"ನನ್ನವೇ ಇವೆ" ಎಂದು ಹಲ್ಲು ತೋರಿಸಿ ಪೆಟ್ಟಿಗೆ ಎತ್ತಿಕೊಂಡು ಬಂದಳು.

ಕಲಿಯಲು ಜಾಗವೆಲ್ಲಿ? ಮನೆಯಲ್ಲಿ ಊದಿದರೆ ಗೋಡೆಯಾಚೆಯವರು ಗೋಡೆ ಬಡಿಯುತ್ತಿದ್ದರು. ಹಾಗಾಗಿ ಅವಳು ಕಲಿತದ್ದು ಕೊನೇ ಸ್ಟಾಪಿನಲ್ಲಿ. ಅಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದರೆ ಮುಂದಿನ ಟ್ರಿಪ್ಪಿಗೆ ಹನ್ನೊಂದು ನಿಮಿಷ ಬಿಡುವು. ಜನರೆಲ್ಲ ಇಳಿದ ಖಾಲಿ ಬಸ್ಸು, ಎರಡು ಸಾಲು ಸೀಟಿನ ನಡುವೆ ಉದ್ದನೆಯ ಓಣಿ. ಆ ಓಣಿಯಲ್ಲಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆಯುತ್ತಾ ಊದುವುದು. ಕೇಳುವವನು ಒಬ್ಬನೇ, ಡ್ರೈವರಣ್ಣ. ಸ್ಟೀರಿಂಗಿನ ಮೇಲೆ ಡಬ್ಬಿ ಬಿಚ್ಚಿಟ್ಟು, ಕಣ್ಣು ಮುಚ್ಚಿ, ಬ್ರೆಡ್ಡು ಅಗಿಯುತ್ತಾ ಕೇಳುವನು. ಮೊದಲ ಆರು ತಿಂಗಳು ಅವನು ಕಣ್ಣು ಮುಚ್ಚಿದ್ದು ಸಂತೋಷಕ್ಕಲ್ಲ, ಸಹನೆಗೆ.

ಗುರು ಅಂದರೆ ಎದುರಿನ ರೆಕಾರ್ಡ್ ಅಂಗಡಿ. ಅಂಗಡಿಯವನಿಗೆ ಜಾಝ್ ಬಿಟ್ಟರೆ ಲೋಕದಲ್ಲಿ ಬೇರೆ ಸಂಗೀತವಿದೆ ಎನ್ನುವುದೇ ಗೊತ್ತಿರಲಿಲ್ಲವೋ ಏನೋ, ಬಾಗಿಲಿಗೆ ಒಂದು ಸ್ಪೀಕರ್ ನೇತುಹಾಕಿ ದಿನವಿಡೀ ಅದನ್ನೇ ಹಾಕುತ್ತಿದ್ದ. ಆದರೆ ಬಸ್ಸು ಬಂದು ನಿಲ್ಲುವಾಗ ರೆಕಾರ್ಡು ಅರ್ಧ ಓಡಿರುತ್ತಿತ್ತು. ಅದೋ ಇನ್ನೊಂದೋ ಮುಗಿಯುವ ಮೊದಲೇ ಹನ್ನೊಂದು ನಿಮಿಷ ಮುಗಿದು ಡ್ರೈವರಣ್ಣ ಇಂಜಿನ್ ಚಾಲೂ ಮಾಡುತ್ತಿದ್ದ. ಹೀಗಾಗಿ ಕಂಡಕ್ಟರಕ್ಕನಿಗೆ ನಲವತ್ತು ಹಾಡು ಬಂದವು, ನಲವತ್ತಕ್ಕೂ ತಲೆಯಿಲ್ಲ, ಬಾಲವಿಲ್ಲ. ಹೊಟ್ಟೆ ಮಾತ್ರ.

ಉಸಿರಿನ ಲೆಕ್ಕ ಬಂದದ್ದು ತಾಯಿಯಿಂದ. ಆಕೆ ಒಗೆದ ಬಟ್ಟೆ ಮಡಚುತ್ತಾ ಬಾಯಿಪಾಠದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದಳು. ಸಾಲು ಮುಗಿದ ಕಡೆ ಉಸಿರು ತೆಗೆಯುತ್ತಿರಲಿಲ್ಲ. ಸಾಲು ದಾಟಿ ಮುಂದಿನ ಸಾಲಿನ ಮೂರನೆಯ ಮಾತಿನಲ್ಲೋ ನಾಲ್ಕನೆಯದರಲ್ಲೋ ತೆಗೆಯುತ್ತಿದ್ದಳು. "ಅರ್ಥ ಇನ್ನೂ ಮೆಟ್ಟಿಲ ಮೇಲೆ ನಿಂತಿರೋವಾಗ ಬಾಗಿಲು ಹಾಕಬಾರದು ಕಣೆ" ಎನ್ನುವಳು. ಆ ಮಾತು ಮಗಳಿಗೆ ಎರಡು ಕಡೆ ಉಪಯೋಗಕ್ಕೆ ಬಂತು.

ಇದೆಲ್ಲ ಕಲಸಿ ಆದದ್ದು ಅವಳ ಊದುವ ಪರಿ. ಸ್ವರವನ್ನು ನೇರ ಹೋಗಿ ಹಿಡಿಯಳು. ತಿರುವಿನಲ್ಲಿ ಬಸ್ಸು ವಾಲುವಂತೆ ಕೆಳಗಿನಿಂದ ವಾಲಿಕೊಂಡು ಬಂದು ಅದರ ಭುಜಕ್ಕೆ ಭುಜ ತಾಗಿಸುವಳು. ತಮ್ಮ ಡ್ರಮ್ಮಿನಲ್ಲಿ ತಾಳ ಹಾಕಿದರೆ ಅವಳು ಅದಕ್ಕಿಂತ ಕೂದಲೆಳೆಯಷ್ಟು ಹಿಂದೆ, ಹೊರಟ ಬಸ್ಸನ್ನು ಓಡಿ ಬಂದು ಹತ್ತುವ ಪ್ರಯಾಣಿಕನಂತೆ. ಎದೆ ಧಸಕ್ಕೆನ್ನುತ್ತದೆ, ಆದರೆ ಹತ್ತಿಯೇ ಹತ್ತುತ್ತಾನೆ. ಇದ್ದಕ್ಕಿದ್ದಂತೆ ಬ್ರೇಕು. ಮತ್ತೆ ಹೊರಡುವುದು. ಮತ್ತು ಸದಾ ನಡಿಗೆ. ನಿಂತು ಊದು ಅಂದರೆ ಒದ್ದೆ ಬೆಂಕಿಕಡ್ಡಿ ಗೀರಿದ ಹಾಗೆ, ಬರೀ ಸರ್ ಸರ್.

ರಿಟೈರಾದ ಮೇಲೆ ಮೂರು ಜನರ ತಂಡವಾಯಿತು. ಡ್ರಮ್ಮಿಗೆ ತಮ್ಮ, ಪಿಯಾನೋಗೆ ತಮ್ಮನ ಹೆಂಡತಿ. ಭಾನುವಾರ ಮಧ್ಯಾಹ್ನ ಕುಣಿಯುವವರ ಹಾಲಿನಲ್ಲಿ ನುಡಿಸುತ್ತಿದ್ದರು. ಕಂಡಕ್ಟರಕ್ಕ ಕುಣಿಯುವವರ ನಡುವೆ ಊದುತ್ತಾ ನಡೆದು, ಒಂದು ಬಾಗಿಲಿಂದ ಹೊರಗೆ ಹೋಗಿ ಇನ್ನೊಂದು ಬಾಗಿಲಿಂದ ಒಳಗೆ ಬರುತ್ತಿದ್ದಳು. ಹಾಡು ಮುಗಿಯುವುದು ಹೇಗೆಂದರೆ, ತಮ್ಮನಿಗೆ ತೋಳು ಸೋತಾಗ.

ಇಂಥವಳಿಗೆ ರೇಡಿಯೋದವರಿಂದ ಕಾಗದ ಬಂತು. ಮೂರು ವಾರದ ಮೇಲಿನ ಭಾನುವಾರ ಬೆಳಗ್ಗೆ ಒಂಬತ್ತು ಮುಕ್ಕಾಲರಿಂದ ಹತ್ತರವರೆಗೆ, ನೇರ ಪ್ರಸಾರ. ಹತ್ತಕ್ಕೆ ಸರಿಯಾಗಿ ವಾರ್ತೆ. ಕೊನೆಗೊಂದು ಸಾಲು: ಮೈಕು ಒಂದೇ ಇರುವುದರಿಂದ ಕಲಾವಿದರು ಅಲುಗಾಡದೆ ನಿಂತು ನುಡಿಸತಕ್ಕದ್ದು.

"ಅಲುಗಾಡದೆ!" ತಮ್ಮ ಚಪ್ಪಾಳೆ ತಟ್ಟಿ ನಕ್ಕ. "ಅಕ್ಕಾ, ನೀನು ಫೋಟೋ ತೆಗೆಸಿಕೊಂಡ್ರೂ ಮೂರು ತಲೆ ಬರುತ್ತೆ."

"ಬಾಯಿ ಮುಚ್ಚೋ. ನೀನು ಹುಟ್ಟಿದಾಗಿಂದ ಒಂದೇ ಸಮ ಬಡೀತಾ ಇದ್ದೀಯ, ನಿನಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ಅಂದಿದ್ದಾರೆ" ಎಂದಳು ಅವನ ಹೆಂಡತಿ, ಪಿಯಾನೋದಿಂದ ಕತ್ತೆತ್ತದೆ.

ಕಂಡಕ್ಟರಕ್ಕ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ನೆಟ್ಟಗೆ ಆಸ್ಪತ್ರೆಗೆ ಹೋದಳು.

ಆಸ್ಪತ್ರೆಯಲ್ಲಿದ್ದವನು ಡ್ರೈವರಣ್ಣ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಕೋಳಿಗೂ ತಾಗಿಸದವನು ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಮಂಚದ ಪಕ್ಕ ಮಗಳು ತಂದಿಟ್ಟ ಪುಟ್ಟ ರೇಡಿಯೋ, ಆಸ್ಪತ್ರೆಯ ಫೋನು, ಒಂದು ಲೋಟ, ಒಂದು ಚಮಚ.

"ಮೂರು ವಾರ ಬಿಟ್ಟು ಸೋಮವಾರ ನನ್ನನ್ನ ಶೆಡ್ಡಿಗೆ ಬಿಡ್ತಾರಂತೆ ತಂಗೀ, ಸೊಂಟದ ಆಪರೇಷನ್ನು" ಎಂದ. "ಅಲ್ಲೀ ತನಕ ಹೃದಯಕ್ಕೆ ಮಾತ್ರೆ. ಇಂಜಿನ್ ಹಳೇದು, ಬಿಚ್ಚಿದ ಮೇಲೆ ಮತ್ತೆ ಚಾಲೂ ಆದ್ರೆ ಆಯ್ತು ಅಂತಾರೆ ಡಾಕ್ಟ್ರು."

"ಬಿಡ್ತು ಅನ್ನಿ."

"ಬಿಡ್ತು. ನಾನೇನು ಹೆದರಿಲ್ಲ. ಒಂದೇ ಒಂದು ಹೊಟ್ಟೆಯುರಿ. ಅಷ್ಟು ವರ್ಷ ನಿನ್ನ ಸಂಗೀತ ಕೇಳಿದೆ, ಒಂದು ಸಲಾನೂ ಕೊನೆ ಕೇಳಲಿಲ್ಲ. ಊಟಕ್ಕೆ ಕರೆದು, ಕೈ ತೊಳೆಸಿ, ತುತ್ತು ಬಾಯಿಗಿಡೋ ಹೊತ್ತಿಗೆ ಎಬ್ಬಿಸಿ ಕಳಿಸಿದ ಹಾಗೆ."

"ಎಬ್ಬಿಸ್ತಿದ್ದಿದ್ದು ನಾನಾ? ಇಂಜಿನ್ ಚಾಲೂ ಮಾಡ್ತಿದ್ದೋರು ನೀವಲ್ವಾ ಅಣ್ಣಾ?"

"ಟೈಮು ಅಂದ್ರೆ ಟೈಮು" ಎಂದ ಡ್ರೈವರಣ್ಣ, ಮಲಗಿದ್ದಲ್ಲೇ ಗಂಭೀರನಾಗಿ. ಆಮೇಲೆ ಅವಳು ತೋರಿಸಿದ ಕಾಗದ ಓದಿ ದನಿ ತಗ್ಗಿಸಿದ. "ಆ ಭಾನುವಾರ ನೀನು ರೇಡಿಯೋದಲ್ಲಿ. ಮಾರನೇ ದಿನ ನಾನು ಶೆಡ್ಡಿನಲ್ಲಿ. ನಮ್ಮ ನಲವತ್ತಮೂರನ್ನ ನುಡಿಸು. ಈ ಸಲ ಕೊನೇ ಸ್ಟಾಪಿನ ತನಕ ಕರ್ಕೊಂಡು ಹೋಗು. ನಡುದಾರೀಲಿ ಇಳಿಸಬೇಡ."

'ನಲವತ್ತಮೂರು' ಅವಳೇ ಕಟ್ಟಿದ ಹಾಡು. ಅವರ ಬಸ್ಸಿನ ದಾರಿಯೇ ಅದು: ಹಾಲಿನ ಡೈರಿ, ಶಾಲೆ, ಕೋರ್ಟು, ಸೇತುವೆ, ಹೀಗೆ ಹತ್ತೊಂಬತ್ತು ಸ್ಟಾಪು; ಒಂದೊಂದಕ್ಕೆ ಒಂದೊಂದು ತಿರುವು. ಹದಿನೆಂಟರವರೆಗೆ ಬರುತ್ತಿತ್ತು. ಹತ್ತೊಂಬತ್ತನೆಯದು ಹೇಗೆ ಮುಗಿಯಬೇಕೆಂದು ಅವಳಿಗೂ ಗೊತ್ತಿರಲಿಲ್ಲ. "ಆಗಲಿ ಅಣ್ಣಾ" ಎಂದು ಬಂದುಬಿಟ್ಟಳು. ಮಾತು ಕೊಟ್ಟಾಗಿತ್ತು.

ಆ ಮೂರು ವಾರ ಮನೆಯಲ್ಲಿ ನಡೆದದ್ದನ್ನು ನೋಡಿದವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ನಿಂತು ಊದುವುದನ್ನು ಅಭ್ಯಾಸ ಮಾಡಲು ಮೊದಲು ನೆಲಕ್ಕೆ ಸೀಮೆಸುಣ್ಣದಲ್ಲಿ ವೃತ್ತ ಬರೆದರು. ಅರ್ಧ ನಿಮಿಷಕ್ಕೆ ಅವಳು ಬಚ್ಚಲುಮನೆ ಸೇರಿದ್ದಳು. ಎರಡೂ ಕಾಲಿಗೆ ಒಂದೇ ಪೈಜಾಮದ ಲಾಡಿ ಕಟ್ಟಿದರು, ಜಿಗಿಯುತ್ತಾ ಹೋದಳು. ಕೊನೆಗೆ ತಮ್ಮ ಬಟ್ಟೆ ನೆನೆಸುವ ದೊಡ್ಡ ಟಬ್ಬು ತಂದಿಟ್ಟ.

"ಇದರೊಳಗೆ ನಿಲ್ಲು. ಆಚೆ ಕಾಲಿಟ್ರೆ ನೀನು ಸೋತ ಹಾಗೆ."

ಟಬ್ಬಿನೊಳಗೆ ನಿಂತಳು. ಊದಿದಳು. ಟಬ್ಬು ನಿಧಾನವಾಗಿ, ಒಂದೊಂದೇ ಅಂಗುಲ, ನುಣುಪು ನೆಲದ ಮೇಲೆ ಜರುಗುತ್ತಾ ಬಾಗಿಲ ಕಡೆ ಹೊರಟಿತು.

"ಅತ್ತಿಗೆ," ಎಂದಳು ಪಿಯಾನೋದವಳು, ನಗು ತಡೆಯಲಾರದೆ ಕಣ್ಣೊರೆಸುತ್ತಾ, "ಇನ್ನು ನಿಮ್ಮನ್ನ ನೀರೊಳಗೆ ಬಿಟ್ರೆ ದಡ ಸೇರ್ತೀರ."

ಆದರೂ ಛಲ ಬಿಡಲಿಲ್ಲ. ಕಾಲ್ಬೆರಳು ಒಳಕ್ಕೆ ಮಡಚಿ, ಮೊಣಕಾಲು ಬಿಗಿದು, ಹಲ್ಲು ಕಚ್ಚಿ (ಹಲ್ಲು ಕಚ್ಚಿ ಸ್ಯಾಕ್ಸೋಫೋನ್ ಊದುವುದು ಎಷ್ಟು ಕಷ್ಟವೆಂದು ಊದಿದವರೇ ಬಲ್ಲರು) ಅಂತೂ ನಿಲ್ಲಲು ಕಲಿತಳು. ಅಡಿಗೆಮನೆಯ ಗಡಿಯಾರ ಇಟ್ಟು ನೋಡಿದರೆ ಹಾಡು ಸರಿಯಾಗಿ ಹದಿಮೂರು ನಿಮಿಷ. ಸಂಗೀತ ಸ್ವಲ್ಪ ಸೊರಗಿತ್ತು. ಕೊನೆ ಮಾತ್ರ ಬರಲೊಲ್ಲದು. ಜೋರಾಗಿ ಮುಗಿಸಿ ನೋಡಿದಳು, ಮೆಲ್ಲಗೆ ಮುಗಿಸಿ ನೋಡಿದಳು. ಯಾವುದೂ ಕೊನೆ ಅನ್ನಿಸಲಿಲ್ಲ. ಬಸ್ಸು ಕೆಟ್ಟು ನಿಂತಂತೆ ಅನ್ನಿಸುತ್ತಿತ್ತು. "ದೇವರು ಅಲ್ಲೇ ಕೊಡ್ತಾನೆ" ಎಂದು ಭಾನುವಾರ ಬೆಳಗ್ಗೆ ಕಣ್ಣು ಮುಚ್ಚಿ ಕೈಮುಗಿದು ಹೊರಟಳು.

ರೇಡಿಯೋ ಕಟ್ಟಡದ ಸ್ಟುಡಿಯೋ ಅಂದರೆ ದಪ್ಪ ಬಾಗಿಲಿನ, ಕಿಟಕಿಯಿಲ್ಲದ, ನೆಲಕ್ಕೂ ಗೋಡೆಗೂ ಕಂಬಳಿ ಹೊದಿಸಿದಂಥ ಉದ್ದನೆಯ ಕೋಣೆ. ಕೆಮ್ಮಿದರೆ ಕೆಮ್ಮು ಬಾಯಿಗೇ ವಾಪಸು ಬರುವಷ್ಟು ನಿಶ್ಶಬ್ದ. ನಡುವೆ ಚಕ್ರದ ಸ್ಟ್ಯಾಂಡಿನ ಮೇಲೆ ಮೈಕು. ಒಂದು ಬದಿಗೆ ಗಾಜಿನ ಗೋಡೆ, ಅದರಾಚೆ ಗುಂಡಿಗಳ ಮೇಜು. ಕಾರ್ಯಕ್ರಮದ ಅಧಿಕಾರಿ, ಇಸ್ತ್ರಿ ಮಾಡಿದ ಮನುಷ್ಯ, ಮೈಕಿನ ಮುಂದೆ ನೆಲದ ಮೇಲೆ ಟೇಪಿನಲ್ಲಿ ಒಂದು ಚೌಕ ಅಂಟಿಸಿ ತೋರಿಸಿದ.

"ಇದರೊಳಗೆ ನಿಲ್ಲಿ. ಒಂದು ಹೆಜ್ಜೆ ಆಚೆ ಹೋದ್ರೂ ಜನಕ್ಕೆ ಕೇಳಿಸೋದಿಲ್ಲ. ನಾನು ಗಾಜಿನಾಚೆಯಿಂದ ಒಂದು ಬೆಲ್ಲು ಹೊಡೀತೀನಿ, ಶುರು ಮಾಡಿ. ಕೊನೇಲಿ ಎರಡು ಬೆಲ್ಲು ಹೊಡೆದ್ರೆ ಟೈಮಾಯ್ತು ಅಂತ, ಅರ್ಧ ನಿಮಿಷದಲ್ಲಿ ಮುಗಿಸಿ. ತಿಳೀತಾ?"

ಕಂಡಕ್ಟರಕ್ಕನ ಕಣ್ಣು ಆ ಚೌಕದ ಮೇಲೆ. ಟಬ್ಬಿಗಿಂತ ಚಿಕ್ಕದು! ಕಿವಿ ಕೇಳಿತು, ತಲೆ ಆಡಿತು; ಮನಸ್ಸಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ.

ಕೊರಳಿಗೆ ಹೆಡ್‌ಫೋನ್ ಹಾಕಿಕೊಂಡ ಇಂಜಿನಿಯರ್ ಹೆಂಗಸು ಮೈಕಿನ ಎತ್ತರ ಸರಿಮಾಡುತ್ತಾ ಮುಸಿಮುಸಿ ನಗುತ್ತಿದ್ದಳು. "ಅಕ್ಕ, ನನ್ನ ಗುರುತು ಸಿಗಲಿಲ್ವಾ? ನಲವತ್ತಮೂರು. ಎಡಗಡೆ, ಮೂರನೇ ಕಿಟಕಿ."

ಕಂಡಕ್ಟರಕ್ಕ ಮುಖ ನೋಡಿದಳು. ಮುಖದಿಂದ ಒಂದು ಹದಿನೈದು ವರ್ಷ ಕಳೆದಳು. "ಓ! ಸದಾ ನಿದ್ದೆ ಹೊಡೀತಿದ್ದ ಕಾಲೇಜು ಹುಡುಗಿ!"

"ನಮ್ಮನೆ ಕೊನೇ ಸ್ಟಾಪಲ್ಲೇ ಅಲ್ವಾ ಅಕ್ಕ, ಧೈರ್ಯವಾಗಿ ನಿದ್ದೆ ಮಾಡ್ತಿದ್ದೆ. ಇಳಿದ ಮೇಲೂ ಅಂಗಡಿ ಮುಂದೆ ನಿಂತು ನೀವು ಊದೋದು ಕೇಳ್ತಿದ್ದೆ. ಕಾಗದ ಕಳಿಸೋಕೆ ಹೇಳಿದ್ದು ನಾನೇ." ಅಷ್ಟು ಹೇಳಿ ಗಾಜಿನಾಚೆ ಹೋಗಿ ಕೂತಳು.

ಕೆಂಪು ದೀಪ ಹತ್ತಿತು. ಅಧಿಕಾರಿ ಮೈಕಿನಲ್ಲಿ ತಂಡದ ಪರಿಚಯ ಹೇಳಿ ಮುಗಿಸಿ ಗಾಜಿನಾಚೆ ಹೋದ. ಕಂಡಕ್ಟರಕ್ಕ ಚೌಕದೊಳಗೆ ಕಾಲು ಜೋಡಿಸಿ, ಎದೆ ತುಂಬ ಉಸಿರೆಳೆದು, ಸ್ಯಾಕ್ಸೋಫೋನ್ ಬಾಯಿಗಿಟ್ಟಳು. ಆಗ ಬೆಲ್ಲು ಹೊಡೆಯಿತು.

ಟಿಣ್.

ಇಲ್ಲಿ ಒಂದು ಮಾತು ಹೇಳಬೇಕು. ಬಸ್ಸಿನಲ್ಲಿ ಮುಂದಿನಿಂದ ಹಿಂದಿನವರೆಗೆ ತಲೆಯ ಮೇಲೆ ಒಂದು ಹಗ್ಗ ಇರುತ್ತಿತ್ತು. ಇಳಿಯುವವರು ಎಳೆದರೂ ಕಂಡಕ್ಟರಕ್ಕ ಎಳೆದರೂ ಡ್ರೈವರಣ್ಣನ ಕಿವಿಯ ಹತ್ತಿರ ಬೆಲ್ಲು. ಒಂದು ಸಲ ಟಿಣ್ ಅಂದರೆ ನಿಲ್ಲು. ಎರಡು ಸಲ ಟಿಣ್ ಟಿಣ್ ಅಂದರೆ ಹೊರಡು. ಇಪ್ಪತ್ತೆರಡು ವರ್ಷ, ದಿನಕ್ಕೆ ಹತ್ತು ಟ್ರಿಪ್ಪು, ಟ್ರಿಪ್ಪಿಗೆ ಹತ್ತೊಂಬತ್ತು ಸ್ಟಾಪು. ಆ ಲೆಕ್ಕ ತಲೆಯಲ್ಲಿ ಇರುವುದಲ್ಲ, ಮೂಳೆಯಲ್ಲಿ ಇರುವುದು.

ಒಂದು ಬೆಲ್ಲಿಗೆ ಕಂಡಕ್ಟರಕ್ಕ ನಿಂತುಬಿಟ್ಟಳು. ನಿಂತೇ ಇದ್ದವಳು ಇನ್ನಷ್ಟು ನಿಂತಳು. ಎಳೆದ ಉಸಿರು ಎದೆಯಲ್ಲೇ, ಬೆರಳು ಗುಂಡಿಯ ಮೇಲೇ, ಕಲ್ಲಿನ ಬೊಂಬೆ. ಮೂರು ವಾರದಿಂದ ಯಾವ ಟಬ್ಬಿಗೂ ಲಾಡಿಗೂ ಸಾಧ್ಯವಾಗದ್ದನ್ನು ಒಂದು ಟಿಣ್ ಸಾಧಿಸಿತ್ತು.

ಪಿಯಾನೋ ಪೀಠಿಕೆ ಶುರುವಾಯಿತು, ಮುಗಿಯಿತು. ಅತ್ತಿಗೆ ಬರಲಿಲ್ಲ. ತಮ್ಮನ ಹೆಂಡತಿ ಮತ್ತೆ ಮೊದಲಿಂದ ನುಡಿಸಿದಳು. ಅತ್ತಿಗೆ ಇಲ್ಲ. ಮೂರನೆಯ ಸಲ ಅವಳು ಅದನ್ನು ಬೇಕೆಂದೇ ಹಾಗೆ ನುಡಿಸುತ್ತಿರುವವಳಂತೆ ಅಲಂಕಾರ ಸೇರಿಸಿದಳು. ನಾಲ್ಕನೆಯ ಸಲ ಅಲಂಕಾರವೂ ಮುಗಿದು ಗಂಡನನ್ನು ದುರುಗುಟ್ಟಿ ನೋಡಿದಳು. ಗಾಜಿನಾಚೆ ಅಧಿಕಾರಿ ಎರಡೂ ಕೈಯಲ್ಲಿ ಗಾಳಿಯನ್ನು ತಳ್ಳುತ್ತಿದ್ದ. ಕಂಡಕ್ಟರಕ್ಕನಿಗೆ ಎಲ್ಲ ಕಾಣುತ್ತಿತ್ತು. ಹೊರಡಬೇಕೆಂದು ತಿಳಿಯುತ್ತಿತ್ತು. ಆದರೆ ಬೆಲ್ಲು ಒಂದೇ ಆಗಿದೆಯಲ್ಲ, ಯಾರೋ ಇಳಿಯುತ್ತಿದ್ದಾರೆ, ಇಳಿಯುವವರಿರುವಾಗ ಹೊರಡುವುದುಂಟೇ?

ತಮ್ಮನಿಗೆ ಆಗ ಹೊಳೆಯಿತು. ಹಣೆ ಚಚ್ಚಿಕೊಂಡ. ಹಣೆ ಚಚ್ಚಿದ ಸದ್ದೂ ಪ್ರಸಾರವಾಯಿತು. ಕೋಲಿನ ತುದಿಯಿಂದ ಡ್ರಮ್ಮಿನ ಪಕ್ಕದ ಹಿತ್ತಾಳೆ ತಾಳದ ಬಟ್ಟಲ ಮೇಲೆ ಬಡಿದ: ಟಿಣ್ ಟಿಣ್.

ನಲವತ್ತಮೂರು ಹೊರಟಿತು.

ಹೊರಟಾಗ ಎರಡೂವರೆ ನಿಮಿಷ ಲೇಟು. ಹಾಲಿನ ಡೈರಿ ದಾಟಿತು, ಶಾಲೆ ದಾಟಿತು. ಕಾಲು ಚೌಕದೊಳಗೇ ಇತ್ತು. ಸಂಗೀತವೂ ಚೌಕದೊಳಗೇ ಇತ್ತು ಅನ್ನಬೇಕು. ತಪ್ಪಿಲ್ಲ, ಆದರೆ ಲವಲವಿಕೆಯಿಲ್ಲ, ಶಾಲೆಯಲ್ಲಿ ಕೈಕಟ್ಟಿ ಕೂತ ತುಂಟನ ಹಾಗೆ. ಆಸ್ಪತ್ರೆಯ ಮಂಚ ಅವಳ ಕಣ್ಣ ಮುಂದೆ ಬಂತು. ಡ್ರೈವರಣ್ಣ ಕಣ್ಣು ಮುಚ್ಚಿರುತ್ತಾನೆ. ಈಗ ಮುಚ್ಚಿರುವುದು ಸಂತೋಷಕ್ಕೋ, ಸಹನೆಗೋ?

ಹದಿನೈದನೇ ಸ್ಟಾಪು ಬಂತು. ದಪ್ಪ ಬಾಗಿಲು ಮೆಲ್ಲಗೆ ತೆರೆದು ವಾರ್ತೆ ಓದುವವರು ಒಳಗೆ ಬಂದರು. ಊರಿಗೆಲ್ಲ ಪರಿಚಯದ ಗಡಸು ದನಿಯ, ಯಾರೂ ಮುಖ ನೋಡಿರದ ಹಿರಿಯರು. ಹತ್ತಕ್ಕೆ ಇದೇ ಮೈಕಿನಲ್ಲಿ ಅವರ ಸರದಿ. ಎರಡು ಹಾಳೆ ಹಿಡಿದು ಮೂಲೆಯಲ್ಲಿ ನಿಂತರು. ಗೋಡೆಯ ಗಡಿಯಾರ ಹತ್ತಕ್ಕೆ ಒಂದು ನಿಮಿಷ ತೋರಿಸಿತು. ಅಧಿಕಾರಿ ಮುಗಿಸಿ ಎಂದು ಬೆಲ್ಲು ಹೊಡೆದ.

ಟಿಣ್ ಟಿಣ್.

ಅಯ್ಯಾ, ಆ ಎರಡು ಬೆಲ್ಲು ಮೂಳೆಗೆ ಬಿದ್ದದ್ದೇ ತಡ, ಕಂಡಕ್ಟರಕ್ಕನ ಬಲಗಾಲು ಚೌಕದ ಟೇಪನ್ನು ಕಿತ್ತುಕೊಂಡು ಆಚೆ ಬಿತ್ತು. ಅದರ ಹಿಂದೆ ಎಡಗಾಲು. ಕಂಬಳಿ ಹಾಸಿದ ಆ ಉದ್ದನೆಯ ಕೋಣೆ ಅವಳಿಗೆ ಬಸ್ಸಿನ ಓಣಿಯಾಯಿತು. ಮೂರು ವಾರ ಮಡಚಿಟ್ಟ ಸಂಗೀತವೆಲ್ಲ ಕಪಾಟು ತೆರೆದಾಗ ಬೀಳುವ ಛತ್ರಿಗಳ ಹಾಗೆ ಒಂದರ ಮೇಲೊಂದು ಬಿಚ್ಚಿಕೊಂಡು ಉರುಳಿತು. ಸ್ವರ ವಾಲಿತು, ತೂಗಿತು, ಹಿಂದೆ ಬಿದ್ದು ಓಡಿ ಬಂದು ಹತ್ತಿತು. ಸಾಲು ಮುಗಿದರೂ ಉಸಿರು ತೆಗೆಯದೆ ಮುಂದಿನ ಸಾಲಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ತಮ್ಮ "ಹಾಂ! ಹಾಂ!" ಎಂದು ಕೂಗುತ್ತಾ ಬಡಿದ. ಅವನ ಹೆಂಡತಿ ಕೂತ ಸ್ಟೂಲಿನಿಂದ ಎದ್ದು ನಿಂತೇ ನುಡಿಸಿದಳು.

ಆದರೆ ಮೈಕು ಹಿಂದೆ ಉಳಿಯಿತು. ಕಂಡಕ್ಟರಕ್ಕ ಗೋಡೆಯ ಕಡೆ ನಡೆದಂತೆ, ಊರಿನ ರೇಡಿಯೋಗಳಲ್ಲೆಲ್ಲ ನಲವತ್ತಮೂರು ದೂರ ದೂರ ಹೋಗತೊಡಗಿತು. ಮೂಲೆಯಲ್ಲಿದ್ದ ವಾರ್ತೆಯವರಿಗೆ ಅದು ತಡೆಯಲಾಗಲಿಲ್ಲ. ಮೂವತ್ತು ವರ್ಷದಿಂದ ಮೈಕಿನ ಮುಂದೆ ಕೂತವರು. ಸದ್ದು ಮೈಕಿಗೆ ಸಿಗದೆ ಹೋಗುವುದು ಅವರ ಪಾಲಿಗೆ ಮಗು ನೆಲಕ್ಕೆ ಬಿದ್ದಂತೆ. ಹಾಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು, ಸ್ಟ್ಯಾಂಡು ಹಿಡಿದು, ಚಕ್ರ ಉರುಳಿಸುತ್ತಾ ಅವಳ ಮುಂದೆ ಬಂದು ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದರು. ಅವಳು ಕಣ್ಣಿನಲ್ಲೇ ಹೇಳಿದಳು: ಒಳಗೆ ಸರೀರಿ. ಅವರು ಸರಿದರು. ತುಂಬಿದ ಬಸ್ಸಿನಲ್ಲಿ ಎಷ್ಟು ಸರಿಯಬಹುದೋ ಅಷ್ಟು ಸರಿದರು, ಡ್ರಮ್ಮಿಗೆ ಹಿಮ್ಮಡಿ ಬಡಿಯುವವರೆಗೆ. ಆಗ ಅವರ ಬಾಯಿಂದ ಹಾಳೆಗಳು ಜಾರಿ, ಊರಿಗೆಲ್ಲ ಪರಿಚಯದ ಆ ಗಡಸು ದನಿಯಲ್ಲಿ, "ಅಯ್ಯೋ ನನ್ನ ಹಿಮ್ಮಡಿ!" ಎಂಬ ವಾರ್ತೆ ಪ್ರಸಾರವಾಯಿತು.

ಗಾಜಿನಾಚೆ ನಡೆದದ್ದು ಕಂಡಕ್ಟರಕ್ಕನಿಗೆ ಆಮೇಲೆ ಚಹಾ ಕುಡಿಯುವಾಗ ಇಂಜಿನಿಯರ್ ಹೇಳಿದ್ದು. ಅಧಿಕಾರಿ ಮತ್ತೆ ಎರಡು ಬೆಲ್ಲು ಹೊಡೆದನಂತೆ. ಅವಳು ಇನ್ನಷ್ಟು ಜೋರಾಗಿ ಹೊರಟಳು. ಮತ್ತೆ ಎರಡು. ಇನ್ನೂ ಜೋರು.

"ನಾನು ನಿಲ್ಲಿಸಿ ಅಂದಷ್ಟೂ ಈ ಹೆಂಗಸು ಓಡ್ತಾಳಲ್ಲ! ಗುಂಡಿ ಇಳಿಸಿ, ಇಳಿಸಿ! ಹತ್ತು ಗಂಟೆ!"

ಗುಂಡಿಯ ಮೇಲೆ ಕೈಯಿಟ್ಟ ಇಂಜಿನಿಯರ್ ಅಲುಗಲಿಲ್ಲ. "ಆಗಲ್ಲ ಸಾರ್. ನನ್ನ ಸ್ಟಾಪು ಇನ್ನೂ ಬಂದಿಲ್ಲ."

"ಏನು?"

"ಈಗ ಹದಿನೇಳು. ಕೆರೆ ತಿರುವು. ನಾನು ಕೊನೇಲಿ ಇಳಿಯೋದು."

"ನಿಮಗೆಲ್ಲ ಹುಚ್ಚು ಹಿಡಿದಿದೆ! ಇದನ್ನ ನಿಲ್ಲಿಸೋದು ಹೇಗೆ?"

"ಒಂದೇ ಬೆಲ್ಲು ಹೊಡೀಬೇಕು ಸಾರ್. ಒಂದಕ್ಕೆ ನಿಲ್ತಾರೆ. ಆದರೆ ಈಗಲ್ಲ" ಎಂದು ಅವಳು ಇನ್ನೊಂದು ಕೈಯಿಂದ ಅವನ ಕೈ ಹಿಡಿದುಕೊಂಡಳಂತೆ. "ನಾನು ಹೇಳ್ತೀನಿ. ಹದಿನೆಂಟು, ಔಷಧಿ ಅಂಗಡಿ... ಇನ್ನು ಇಳಿಜಾರು..."

ಗಾಜಿನ ಈಚೆ ಕಂಡಕ್ಟರಕ್ಕ ಆ ಇಳಿಜಾರಿನಲ್ಲಿದ್ದಳು. ಮುಂದೆ ಹತ್ತೊಂಬತ್ತು. ಮುಂದೆ ಅವಳಿಗೆ ಗೊತ್ತಿಲ್ಲದ್ದು. ದೇವರೇ, ಈಗ ಕೊಡುತ್ತೀಯೋ ಹೇಗೆ ಎಂದುಕೊಂಡಳು. ರೆಕಾರ್ಡ್ ಅಂಗಡಿ ಕಂಡಿತು, ಮರ ಕಂಡಿತು, ಬಸ್ಸು ತಿರುಗುವ ಬಯಲು ಕಂಡಿತು. ಸ್ವರ ಸುತ್ತು ಹೊಡೆದು ಕೆಳಗಿಳಿಯಿತು, ಇನ್ನೂ ಕೆಳಗೆ, ಆ ಹಳೆಯ ಇಂಜಿನ್ನು ಗೊರಗುಟ್ಟುವ ತಳದ ಸ್ವರಕ್ಕೆ ಬಂದು ಕೂತಿತು. ಅಲ್ಲಿಂದ ಎತ್ತ? ಉಸಿರು ಮುಗಿಯುತ್ತಾ ಬಂತು.

"ಈಗ ಸಾರ್" ಎಂದಳಂತೆ ಇಂಜಿನಿಯರ್, ಅವನ ಕೈ ಬಿಟ್ಟು. "ಇಳಿಯೋರಿದ್ದಾರೆ."

ಟಿಣ್.

ಕಂಡಕ್ಟರಕ್ಕ ನಿಂತಳು. ಬಾಯಲ್ಲಿ ಉಳಿದಿದ್ದ ಗಾಳಿ ಸ್ವರವಾಗದೆ, ಬ್ರೇಕಿನ ಗಾಳಿ ಬಿಡುವಂತೆ, ಉಸ್ಸ್ ಎಂದು ಹೊರಟು ಸ್ಯಾಕ್ಸೋಫೋನಿನ ಕೊರಳಿನಿಂದ ಹಾದು ಹೋಯಿತು. ಅಷ್ಟೇ. ತಮ್ಮನ ಕೋಲು ಗಾಳಿಯಲ್ಲಿ ನಿಂತಿತು. ಪಿಯಾನೋ ನಿಂತಿತು. ಎಲ್ಲರೂ ಇಳಿದ ಮೇಲಿನ ಬಸ್ಸಿನ ನಿಶ್ಶಬ್ದ.

ಅವಳಿಗೆ ನಗು ಬಂತು. ಇಪ್ಪತ್ತೆರಡು ವರ್ಷದಲ್ಲಿ ತನ್ನಿಷ್ಟಕ್ಕೆ ಒಂದು ಸಲವಾದರೂ ಬಸ್ಸು ನಿಲ್ಲಿಸಿದ್ದಳೇ? ಇಳಿಯುವವರು ಬೆಲ್ಲು ಹೊಡೆದರೆ ನಿಲ್ಲುತ್ತಿತ್ತು. ಟಬ್ಬಿನಲ್ಲಿ ನಿಂತು ಹುಡುಕಿದರೆ ಅದು ಸಿಗುವುದು ಹೇಗೆ!

ಗಡಿಯಾರ ಹತ್ತು ಗಂಟೆ ಎರಡು ನಿಮಿಷ. ವಾರ್ತೆಯವರು ಕುಂಟುತ್ತಾ, ಏದುಸಿರು ಬಿಡುತ್ತಾ, ನೆಲದಿಂದ ಹಾಳೆ ಆರಿಸಿಕೊಂಡು ಮೈಕಿನ ಮುಂದೆ ನಿಂತರು. "ವಾರ್ತೆಗಳು" ಎಂದರು. "ಓದುತ್ತಿರುವವರು..." ಮೂವತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ತಮ್ಮ ಹೆಸರೇ ನೆನಪಾಗಲಿಲ್ಲ. "...ನಾನೇ" ಎಂದರು.

ಕಾರಿಡಾರಿನ ಟೆಲಿಫೋನು ಬಡಿದುಕೊಳ್ಳುತ್ತಿತ್ತು. ಅಧಿಕಾರಿ ಎತ್ತಿದ. ಬೈಗುಳಕ್ಕೆ ಸಿದ್ಧವಾಗಿ ಎತ್ತಿದ್ದ ಭುಜ ನಿಧಾನವಾಗಿ ಇಳಿಯಿತು. "ನಿಮಗೆ" ಎಂದು ಕಂಡಕ್ಟರಕ್ಕನಿಗೆ ಕೊಟ್ಟ.

ಆ ಕಡೆಯಿಂದ ಮೂಗೆಳೆಯುವ ಸದ್ದು. ಆಮೇಲೆ ಡ್ರೈವರಣ್ಣನ ದನಿ.

"ಎರಡು ನಿಮಿಷ ಲೇಟು ಕಣಮ್ಮಾ."

"ಹೂಂ ಅಣ್ಣಾ. ಹೊರಡೋದೇ ತಡ ಆಯ್ತು."

"ಗೊತ್ತು. ಒಂದೇ ಬೆಲ್ಲು ಹೊಡೆದ್ರಲ್ಲ, ಇಲ್ಲಿ ನಾನೂ ಉಸಿರು ಹಿಡಿದು ಮಲಗಿದ್ದೆ. ನರ್ಸಮ್ಮ ಓಡಿ ಬಂದು ನಾಡಿ ನೋಡಿದ್ಳು." ಅವನು ಮತ್ತೆ ಮೂಗೆಳೆದ. "ಕಾರಣ ಕೇಳಿದ್ರೆ ಟ್ರಾಫಿಕ್ಕು ಅಂತ ಬರಿ."

"ಬರೀತೀನಿ. ಅಣ್ಣಾ... ಕೊನೆ ಸರಿಯಾಗಿತ್ತಾ?"

"ಬ್ರೇಕಿನ ಗಾಳಿ ಬಿಟ್ಟಿದ್ದು ನೀನೇನಾ?"

"ನಾನೇ."

"ನಾನೇ ಬಿಟ್ಟ ಹಾಗಿತ್ತು" ಎಂದ ಡ್ರೈವರಣ್ಣ. "ಸರಿ ತಂಗೀ. ನಾಳೆ ಬೆಳಗ್ಗೆ ಏಳಕ್ಕೆ ಶೆಡ್ಡಿಗೆ ಹೋಗೋ ಗಾಡಿ. ಸಂಜೆ ಬಾ, ಸೀಟು ಹಿಡಿದಿರ್ತೀನಿ."

ಅಷ್ಟುದ್ದದ ಉಸಿರಿನವಳಿಗೆ ಒಂದು ಹೂಂ ಅನ್ನಲೂ ಗಾಳಿ ಸಾಲದಾಯಿತು. ಆ ಕಡೆ ಅವನು ಲೋಟವನ್ನು ಫೋನಿನ ಹತ್ತಿರ ಹಿಡಿದು ಚಮಚದಿಂದ ಬಡಿದ.

ಟಿಣ್ ಟಿಣ್.

"ಅಕ್ಕಾ, ಅಕ್ಕಾ, ಫೋನಿನ ವಯರು!" ಎಂದು ತಮ್ಮ ಹಿಂದಿನಿಂದ ಕೂಗಿದ. ಅಷ್ಟರಲ್ಲಿ ಕಂಡಕ್ಟರಕ್ಕ ಟೆಲಿಫೋನನ್ನು ಮೇಜು ಸಮೇತ ಎಳೆದುಕೊಂಡು ಕಾರಿಡಾರಿನ ಅರ್ಧ ದಾಟಿದ್ದಳು.